ಒಂದು ದಿನದ ಹಳದಿ

ಡಾಕ್ಟರ್ ಅನಂತಪದ್ಮನಾಭ ಹೋದ ವರ್ಷದ ಬಣ್ಣದ ಫೋಟೋವನ್ನೂ ಆಗಷ್ಟೇ ತೊಳೆದು ತಂದ ಕಪ್ಪು-ಬಿಳುಪು ಫಿಲಮನ್ನೂ ದೀಪದ ಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಇಟ್ಟರು. ಎರಡೂ ಸೀತಮ್ಮನ ಕಣ್ಣಿನ ಒಳಗಿನವು. ಮಗಳು ವಾರಿಜಾ ಬಗ್ಗಿ ನೋಡಿದಳು.

"ಬಣ್ಣದ್ದರಲ್ಲಿ ಅಂಥದ್ದೇನೂ ಕಾಣಲ್ಲ. ಇವತ್ತು ಕೈನರಕ್ಕೆ ಸೂಜಿಯಲ್ಲಿ ಡೈ ಕೊಟ್ಟು ತೆಗೆದಿದ್ದರಲ್ಲಿ ನೋಡಿ, ರಕ್ತನಾಳ ಸೋರ್ತಿರೋದು ಬೆಳ್ಳಗೆ ಕಾಣುತ್ತೆ. ಎರಡನ್ನೂ ಇಟ್ಟು ನೋಡಿದ್ರೇನೇ ಗೊತ್ತಾಗೋದು. ಬಲಗಣ್ಣಿಗೆ ಹೊತ್ತು ಮೀರಿದೆ. ಎಡಗಣ್ಣಿಗೆ ಲೇಸರ್ ಕೊಟ್ರೆ ಇರೋಷ್ಟು ಉಳೀಬಹುದು, ಹೋಗಿದ್ದು ಬರಲ್ಲ. ಹೋದ ವರ್ಷವೇ ಡೈಗೆ ಬನ್ನಿ ಅಂದಿದ್ದೆನಲ್ಲಮ್ಮ?"



"ಅಮ್ಮನಿಗೆ ಸೂಜಿ ಅಂದ್ರೆ ಭಯ ಸಾರ್," ಎಂದಳು ವಾರಿಜಾ. ವರ್ಷವಿಡೀ ಎಲ್ಲರಿಗೂ ಹೇಳಿ ಸವೆದ ಮಾತು.

ಜಯನಗರದ ಬಸ್ ಸ್ಟಾಪಿನಲ್ಲಿ ನೆರಳಿರಲಿಲ್ಲ. ಔಷಧಿ ಬಿಟ್ಟ ಕಣ್ಣಿಗೆ ಬಿಸಿಲು ತಾಳದೆ ಸೀತಮ್ಮ ಸೆರಗನ್ನು ಹಣೆ ಮುಚ್ಚುವಂತೆ ಎಳೆದುಕೊಂಡರು. ಶ್ರೀನಗರದ ಬಸ್ಸು ಬರುವ ಲಕ್ಷಣವಿರಲಿಲ್ಲ.

"ಸೂಜಿಗೆ ಯಾರೇ ಹೆದರ್ತಾರೆ? ದಿನಾ ಬೆಳಿಗ್ಗೆ ಇನ್ಸುಲಿನ್ ನಾನೇ ಚುಚ್ಕೊಳಲ್ವಾ?"

"ಮತ್ತೆ?"

"ಹೋದ ವರ್ಷ ಆಸ್ಪತ್ರೇಲಿ ಡೈ ಹಾಕಿಸ್ಕೊಂಡು ಬಂದೋಳು ಒಬ್ಬಳು ನನ್ನ ಪಕ್ಕ ಕೂತಿದ್ಳು. ಮುಖ, ಕೈಯೆಲ್ಲಾ ಹಳದಿ, ಅರಿಶಿನ ಹಚ್ಚಿದ ಮದುಮಗಳ ಥರ. ನಿಮ್ಮಪ್ಪ ಹೋಗಿ ಹನ್ನೊಂದು ವರ್ಷ. ಆ ಬಣ್ಣ ಹೊತ್ಕೊಂಡು ವಠಾರದೊಳಗೆ ಹೇಗೆ ಬರ್ಲಿ ಹೇಳು."

ವಾರಿಜಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೆಳಿಗ್ಗೆ ಆರರಿಂದ ಕ್ಯೂನಲ್ಲಿ ನಿಂತ ಕಾಲು ನೋಯುತ್ತಿತ್ತು, ಅಷ್ಟೇ. "ಈ ಬಣ್ಣ ನಾಳೆಗೆ ಇಳಿಯುತ್ತಂತಮ್ಮ," ಎಂದಳು.

ಹೂವಿನವಳೊಬ್ಬಳು ಬುಟ್ಟಿ ಇಳಿಸಿ ಸೀತಮ್ಮನ ಮುಖ ನೋಡಿದಳು. "ಒಂದು ಮೊಳ ಕೊಡ್ಲಾ ತಾಯಿ? ಇಷ್ಟು ಲಕ್ಷಣವಾಗಿ ಅರಿಶಿನ ಹಚ್ಕೊಂಡಿದೀರಿ, ತಲೆ ಬಣಗುಡ್ತಾ ಇದೆ."

ವಾರಿಜಾ ಅವಳನ್ನು ಸಾಗಹಾಕಲು ಬಾಯಿ ತೆರೆದಳು. ಸೀತಮ್ಮ ಮಗಳ ಮೊಣಕೈ ಹಿಡಿದು ತಡೆದರು. ಬೇಡವೆಂದು ಹೂವಿನವಳಿಗೆ ತಲೆಯಾಡಿಸಿದರು, ಆದರೆ ಬೈಯಲಿಲ್ಲ. ಅವಳು ಹೋದಮೇಲೆ ತಮ್ಮ ಅಂಗೈಯನ್ನು ಎಡಗಣ್ಣಿನ ಹತ್ತಿರ, ಇನ್ನೂ ಹತ್ತಿರ, ಮೂಗಿಗೆ ತಾಗುವಷ್ಟು ತಂದು ಹಿಂದೆ ಮುಂದೆ ತಿರುಗಿಸಿದರು.

"ನಿಜವಾಗ್ಲೂ ಅಷ್ಟು ಹಳದಿಯಾಗಿದೀನೇನೇ?"

"ಹೂಂ."

ಸೀತಮ್ಮ ಕೈಯನ್ನು ಮಡಿಲಿಗೆ ಇಳಿಸಿದರು.

"ಹೋದ ವರ್ಷವೇ ಹಾಕಿಸ್ಕೊಂಡಿದ್ರೆ ನಾನೂ ನೋಡ್ಕೋತಿದ್ದೆ."