ಫಿಯೋನಾಳನ್ನು ತೆಗೆಯುವವರು ಯಾರು

ಕೆಲಸದಿಂದ ತೆಗೆದ ಪತ್ರಕ್ಕೆ ಸಹಿ ಹಾಕಿದ ಎಚ್.ಆರ್. ಅಧಿಕಾರಿಯ ಹತ್ತಿರ ಮಾತಾಡಬೇಕಿತ್ತು ಎಂದು ವಿಮೆ ಕಚೇರಿಯ ಹುಡುಗಿ ಫೋನಿನಲ್ಲಿ ಕೇಳಿದಳು. ಫಿಯೋನಾ ಗಂಟಲು ಸರಿಮಾಡಿಕೊಂಡು, ಮಾತಾಡುತ್ತಿರುವುದು ಅವರೇ ಎಂದಳು. ಹಾಗಾದರೆ ಕೆಲಸ ಕಳೆದುಕೊಂಡವರು? ಅದೂ ನಾನೇ, ಎಂದಳು ಫಿಯೋನಾ. ಆ ಕಡೆ ಕೀಬೋರ್ಡಿನ ಸದ್ದು ನಿಂತುಹೋಯಿತು. ತಮ್ಮನ್ನು ತಾವೇ ಕೆಲಸದಿಂದ ತೆಗೆದುಹಾಕಿಕೊಂಡವರಿಗೆ ವಿಮೆ ಕೊಡಲು ಬರುವುದಿಲ್ಲ ಎಂದು ಹುಡುಗಿ ಆದಷ್ಟು ಮರ್ಯಾದೆಯಿಂದ ತಿಳಿಸಿದಳು. ಬೇರೆಯವರು ತೆಗೆಯಬೇಕು, ಅದೂ ಈ ವಾರದೊಳಗೆ. ಆಮೇಲೆ ಅರ್ಜಿ ಹಾಕುವ ಅವಧಿ ಮುಗಿಯುತ್ತದೆ.

ದುಬೈಯ ಸಿಲಿಕಾನ್ ಓಯಸಿಸ್‌ನಲ್ಲಿದ್ದ ಆ ಲಿಫ್ಟ್ ಬಿಡಿಭಾಗಗಳ ಕಂಪನಿ ಬಾಗಿಲು ಹಾಕುತ್ತಿತ್ತು. ಒಬ್ಬೊಬ್ಬರನ್ನೇ ಎದುರು ಕೂರಿಸಿ, ಕೆಲಸ ಹೋಯಿತೆಂದು ಹೇಳಿದವಳು ಫಿಯೋನಾ. ಮ್ಯಾನೇಜರ್ ಶಾಮಸುಂದರ ಮೈಸೂರಿನವರು, ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಹೇಳದೆ ಕುಡಿಯುವವರು. ಯಾರಿಗಾದರೂ ಕೆಟ್ಟ ಸುದ್ದಿ ಹೇಳುವ ದಿನ ಅವರಿಗೆ ತಪ್ಪದೆ ಬ್ಯಾಂಕಿನಲ್ಲಿ ಕೆಲಸ ಬರುತ್ತಿತ್ತು. ಕೊನೆಗೆ ಉಳಿದದ್ದು ಫಿಯೋನಾಳದೇ ಪತ್ರ. ಅದನ್ನೂ ಅವಳೇ ಟೈಪ್ ಮಾಡಿ, ರೂಢಿಯಂತೆ ಸಹಿ ಹಾಕಿ, ಸೀಲು ಒತ್ತಿ ವಿಮೆ ಕಚೇರಿಗೆ ಕಳಿಸಿದ್ದಳು.

ಕೆಲಸ ಹೋದವರಿಗೆ ಸಿಗುವ ಆ ಸರ್ಕಾರಿ ವಿಮೆ ಬಂದರೆ ಮೂರು ತಿಂಗಳು ದುಬೈಯಲ್ಲಿ ತಡೆದುಕೊಳ್ಳಬಹುದು. ಅಷ್ಟರಲ್ಲಿ ಮಗಳು ಜಾನಿಸ್ ಹತ್ತನೆಯ ತರಗತಿಯ ಪರೀಕ್ಷೆ ಇಲ್ಲೇ ಮುಗಿಸುತ್ತಾಳೆ, ಬೇರೆ ಕೆಲಸವೂ ಸಿಕ್ಕೀತು. ಬಾರದಿದ್ದರೆ ಮಗಳ ಪುಸ್ತಕಗಳನ್ನೂ ತುಂಬಿಕೊಂಡು ನಡುವರ್ಷದಲ್ಲೇ ಊರಿಗೆ ಮರಳಿ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯಬೇಕು. ಫಿಯೋನಾ ಎದ್ದು ಶಾಮಸುಂದರರ ಕೋಣೆಗೆ ಹೋಗಿ, ತನ್ನನ್ನು ಕೆಲಸದಿಂದ ತೆಗೆದುಹಾಕಬೇಕೆಂದು ವಿನಂತಿಸಿಕೊಂಡಳು.

ಮಾರನೆಯ ದಿನ ಅವರು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತಂದರು. ಸಂಸ್ಥೆಯ ಬೆನ್ನೆಲುಬಾದ ಫಿಯೋನಾ ಅವರನ್ನು ಉಜ್ವಲ ಭವಿಷ್ಯದ ಕಡೆಗೆ ಭಾರವಾದ ಹೃದಯದಿಂದ ಬೀಳ್ಕೊಡುತ್ತಿದ್ದೇವೆ ಎಂದಿತ್ತು.

"ಸರ್, ಇದನ್ನು ಓದಿದರೆ ನಾನೇ ಬಿಟ್ಟು ಹೋದ ಹಾಗೆ ಉಂಟು. ಬಿಟ್ಟು ಹೋದವರಿಗೆ ವಿಮೆ ಇಲ್ಲ."

"ತೆಗೆದುಹಾಕಿದ್ದೀವಿ ಅಂತ ಹೆಂಗಮ್ಮ ಬರೆಯೋದು, ನಿಮ್ಮಂಥವರನ್ನ?"

"ಇಷ್ಟು ಜನರಿಗೆ ನಾನು ಬರೆಯಲಿಲ್ವಾ?"

"ನಿಮಗೆ ಅಭ್ಯಾಸ ಇತ್ತು," ಎಂದವರು ಅವಳ ಮುಖ ನೋಡಿ, ಕಾಗದ ಹಿಂದಕ್ಕೆ ಎಳೆದುಕೊಂಡರು.

ಅಭ್ಯಾಸವೇನೂ ಆಗಿರಲಿಲ್ಲ. ಡ್ರೈವರ್ ಕೊರಗಪ್ಪನಿಗೆ ಹೇಳಿದ ದಿನವನ್ನೇ ಅವಳು ಇನ್ನೂ ಮರೆತಿರಲಿಲ್ಲ. ಎಲ್ಲ ಕೇಳಿಸಿಕೊಂಡು ಅವನು, "ಮೇಡಂ, ಊಟ ಆಯ್ತಾ ನಿಮ್ದು?" ಎಂದಿದ್ದ. ಕನ್ನಡದಲ್ಲಿ ಹೇಳಿದ್ದು ತಲೆಗೆ ಹೋಗಲಿಲ್ಲವೇನೋ ಎಂದು ಅವಳು ಮೊದಲಿನಿಂದ ತುಳುವಿನಲ್ಲಿ ಹೇಳಿದ್ದಳು. ಕೊರಗಪ್ಪ ಎರಡನೆಯ ಸಲವೂ ತಾಳ್ಮೆಯಿಂದ ಕೇಳಿಸಿಕೊಂಡಿದ್ದ.

ಶಾಮಸುಂದರರ ಎರಡನೆಯ ಪ್ರಯತ್ನದಲ್ಲಿ ತೆಗೆದುಹಾಕುವ ಮಾತು ಬಂದಿತ್ತು, ಆದರೆ ಅದರ ಹಿಂದೊಂದು ಮುಂದೊಂದು 'ಪ್ಲೀಸ್' ಇತ್ತು. ಫಿಯೋನಾ ಎರಡನ್ನೂ ಹೊಡೆದುಹಾಕಿದಳು. ಬೆನ್ನೆಲುಬನ್ನೂ ತೆಗೆಸಿದಳು. ಉಳಿದದ್ದು ಮೂರೇ ಸಾಲು. ಇನ್ನು ಸಹಿ ಹಾಕಿಬಿಟ್ಟರೆ ಖಲಾಸ್ ಎಂದು ಅವರು ಹಗುರಾಗಿ ಪೆನ್ನು ತೆಗೆದರು. ಫಿಯೋನಾ ಸೀಲನ್ನು ತನ್ನ ಕಡೆಗೆ ಸರಿಸಿಕೊಂಡಳು.

"ಎದುರು ಕೂತು ಓದಿ ಹೇಳಿದ ಮೇಲೆಯೇ ಕಾಗದ ಕೈಗೆ ಕೊಡುವುದು, ಸರ್. ಇಲ್ಲಿ ಎಲ್ಲರಿಗೂ ಹಾಗೇ ಆದದ್ದು."

ಶಾಮಸುಂದರ ಗಡಿಯಾರ ನೋಡಿದರು. "ಬ್ಯಾಂಕಿಗೆ ಸ್ವಲ್ಪ ಹೋಗಬೇಕಿತ್ತು."

"ಖಾತೆ ಮೊನ್ನೆಯೇ ಮುಚ್ಚಿ ಆಯ್ತಲ್ಲ."

ಅವರು ಫಿಯೋನಾಳ ಕುರ್ಚಿಯಲ್ಲಿ ಕೂತರು. ಅವಳು ಈಚೆ ಬಂದು, ಉಳಿದವರೆಲ್ಲ ಕೂತೆದ್ದು ಹೋಗಿದ್ದ ಕುರ್ಚಿಯಲ್ಲಿ ಕೂತಳು. ಎ.ಸಿ. ನೇರವಾಗಿ ನೆತ್ತಿಯ ಮೇಲೆ ಬೀಸುತ್ತಿತ್ತು. ಇಷ್ಟು ಜನ ಕೂತರೂ ಒಬ್ಬರೂ ಅದನ್ನು ಹೇಳಿರಲಿಲ್ಲ.

ಶಾಮಸುಂದರ ಇಂಗ್ಲಿಷಿನ ಆ ಮೂರು ಸಾಲು ಓದತೊಡಗಿದರು. ಮೊದಲ ಸಾಲಿಗೇ ಕೆಮ್ಮು ಬಂತು. ಎರಡನೆಯದರಲ್ಲಿ ಅವಳ ಹೆಸರಿತ್ತು, ಅದನ್ನು ದಾಟಲು ಅವರಿಗೆ ನೀರು ಬೇಕಾಯಿತು. ತೆಗೆದುಹಾಕಲಾಗಿದೆ ಎಂಬಲ್ಲಿಗೆ ಬಂದಾಗ ಧ್ವನಿ ತೀರ ಸಣ್ಣದಾಯಿತು. ಹೇಗೋ ಮುಗಿಸಿ, ಸಹಿ ಹಾಕಿ, ಸೀಲು ಒತ್ತಿ, ಅವಳತ್ತ ನೂಕಿ, ಇನ್ನು ಏಟು ಬೀಳುತ್ತದೆಂಬಂತೆ ಕಣ್ಣು ಮುಚ್ಚಿಕೊಂಡರು. ಪತ್ರ ಸರಿಯಾಗಿತ್ತು. ಜಾನಿಸ್ ಪರೀಕ್ಷೆ ಬರೆಯಬಹುದಿತ್ತು. ಫಿಯೋನಾ ಪತ್ರವನ್ನು ಜೋಪಾನವಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು, ಎದುರು ಕೂತವರ ಬಿಳಿಚಿದ ಮುಖವನ್ನು ನೋಡಿದಳು.

"ಸರ್, ಊಟ ಆಯ್ತಾ ನಿಮ್ದು?"

ಶಾಮಸುಂದರ ಕಣ್ಣು ತೆರೆದು ಅವಳನ್ನು ಕನಿಕರದಿಂದ ನೋಡಿದರು. ಕನ್ನಡಕ ಒರೆಸಿಕೊಂಡು ಪತ್ರವನ್ನು ವಾಪಸು ಕೇಳಿ ಪಡೆದು, ಮೊದಲಿನಿಂದ, ಈ ಸಲ ಕನ್ನಡದಲ್ಲಿ, ಬಿಡಿಸಿ ಬಿಡಿಸಿ ಹೇಳತೊಡಗಿದರು.