ಹುಣಸೆಮರದ ಮೊಳೆ

"ಏನ್ಲಾ, ನಿನ್ ತಂಗಿ ದೆವ್ವಕ್ಕೆ ನನ್ ಇತ್ಲಲ್ಲಿ ಸೈಟ್ ಕೇಳಕ್ಕೆ ಬಂದಿದ್ದೀಯಾ?"

ಚಲುವರಾಜು ಹಾಗೆಂದದ್ದೇ ಮರ ಕುಯ್ಯಲು ಬಂದಿದ್ದವರು ಗೊಳ್ಳೆಂದರು. ಬೇಲಿಯಾಚೆ ನಿಂತಿದ್ದ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡರು. ಬೇರೆ ದಿನವಾಗಿದ್ದರೆ ಸಂತೋಷ್ ಅವನ ಕೊರಳಪಟ್ಟಿಗೆ ಕೈ ಹಾಕುತ್ತಿದ್ದ. ಇವತ್ತು ಮುಷ್ಟಿಯನ್ನು ಜೇಬಿಗೆ ತುರುಕಿಕೊಂಡ.

"ಮರ ಕುಯ್ಯಬ್ಯಾಡ ಅಂತಿಲ್ಲ ಕಣಣ್ಣ. ನಯನನ ಮೊಳೆ ಇರೋ ತುಂಡು ಮಾತ್ರ ಕೊಟ್ಬುಡು. ಅವಳ್ಗೆ ತೋರಿಸ್ಬೇಕು."

ಈ ಹಿತ್ತಲಿನ ಹುಣಸೆಮರ ಗೊತ್ತಿಲ್ಲದವರು ಬೆಸಗರಹಳ್ಳಿಯಲ್ಲಿಲ್ಲ. ಹಿಂದೊಮ್ಮೆ ಸಂತೋಷನ ತಂಗಿ ನಯನ ಅನ್ನ ನೀರು ಬಿಟ್ಟು, ಹೆತ್ತವರ ಗುರುತೂ ಸಿಗದೆ ಕಿರುಚಾಡುತ್ತಿದ್ದಾಗ, ಮಂತ್ರ ಹಾಕುವ ದೊಡ್ಡಸಿದ್ದಯ್ಯ ಅವಳ ನೆತ್ತಿಯ ಕೂದಲು ಕಿತ್ತು ಇದೇ ಮರಕ್ಕಿಟ್ಟು ಮೊಳೆ ಹೊಡೆದಿದ್ದ. 'ಮೊಳೆ ಇರೋಗಂಟ ಅದು ಬರಾಕಿಲ್ಲ ಕಣವ್ವ' ಅಂದಿದ್ದ. ಅದನ್ನೇ ನಂಬಿ ಎದ್ದು ಕೂತ ಹುಡುಗಿ, ಮದ್ದೂರಿನ ಗಾರ್ಮೆಂಟ್ಸಿಗೆ ಹೋಗಿಬರುವಷ್ಟು ಚೇತರಿಸಿಕೊಂಡಿದ್ದಳು. ಇವತ್ತು ಬೆಳಿಗ್ಗೆ ಗರಗಸದ ಮಿಷನ್ನಿನ ಸದ್ದು ಕಿವಿಗೆ ಬಿದ್ದದ್ದೇ ಬಚ್ಚಲುಮನೆ ಹೊಕ್ಕು ಚಿಲಕ ಹಾಕಿಕೊಂಡವಳು ಇನ್ನೂ ತೆಗೆದಿಲ್ಲ. 'ಅದು ಬತ್ತಾ ಅದೆ ಕಣಣ್ಣ' ಅನ್ನುವುದಷ್ಟೇ ಒಳಗಿಂದ ಕೇಳುತ್ತಿತ್ತು. ಸಂತೋಷನಿಗೆ ದೆವ್ವದಲ್ಲಿ ನಂಬಿಕೆ ಇರಲಿಲ್ಲ. ಆದರೆ ಆ ದನಿ ತಂಗಿಯದಾಗಿರಲಿಲ್ಲ.

"ನೀ ಕುಯ್ಯಲಾ ಶಿವರಾಮು," ಎಂದ ಚಲುವರಾಜು. "ಇಲ್ಲಿ ಬಾಡಿಗೆ ಮನೆ ಏಳ್ಬೇಕು. ದೆವ್ವ ಬಂದ್ರೆ ಅಡ್ವಾನ್ಸ್ ಇಸ್ಕಂಡು ಅದುಕ್ಕೂ ಒಂದ್ ರೂಮ್ ಕೊಡವಾ."

ಕೊಂಬೆಗಳೆಲ್ಲ ಆಗಲೇ ಉರುಳಿ, ಬರೀ ಬೊಡ್ಡೆ ನಿಂತಿತ್ತು. ಮಿಷನ್ನು ಎದೆಮಟ್ಟದಲ್ಲಿ ಕಚ್ಚಿತು. ಕಿಡಿ ಹಾರಿತು. ಚೈನು ತುಂಡಾಗಿ ಶಿವರಾಮುವಿನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹೋಯಿತು. ಅವನು ಬೈದುಕೊಂಡು ಕೊಡಲಿಯಿಂದ ತೊಗಟೆ ಎಬ್ಬಿಸಿದರೆ, ಒಳಗೆ ಒಂದಲ್ಲ, ಮೊಳೆಗಳ ಸಾಲು. ಹುಣಸೆಯ ಹುಳಿಗೆ ಎಲ್ಲವೂ ಒಂದೇ ಥರ ಕಪ್ಪಾಗಿದ್ದವು. ಒಂದರಲ್ಲೂ ಕೂದಲು ಉಳಿದಿರಲಿಲ್ಲ.

ಈ ಸಲ ಯಾರೂ ನಗಲಿಲ್ಲ. ಹಿತ್ತಲ ಬಾಗಿಲಲ್ಲಿದ್ದ ಚಲುವರಾಜುವಿನ ತಾಯಿ ದೇವಿರಮ್ಮ ಹೊಸಲ ಮೇಲೇ ಕುಸಿದಳು.

"ನಿಂದೂ ಅದ್ರಲ್ಲೇ ಅದೆ ಕಣ್ಲಾ ಮಗ. ಚಿಕ್ಕೋನಿದ್ದಾಗ ನಾನೇ ಹೊಡಿಸಿದ್ದೆ. ನಿಂಗೆ ಹೇಳಿರ್ನಿಲ್ಲ."

ಚಲುವರಾಜುವಿನ ಕೈ ತಾನಾಗಿಯೇ ನೆತ್ತಿಗೆ ಹೋಯಿತು. "ಯಾವ್ದವ್ವಾ ನಂದು?"

"ನಾನೇನ್ ಹೇಳ್ಲಪ್ಪ? ದೊಡ್ಡಸಿದ್ದಯ್ಯಂಗೆ ಗೊತ್ತಿತ್ತು. ಅವನೂ ಮಣ್ಣಾದ."

ಅಷ್ಟರಲ್ಲಿ ಸಂತೋಷ್ ಕೊಡಲಿ ಕಿತ್ತುಕೊಂಡು, ಕೈಗೆ ಸಿಕ್ಕ ಒಂದು ಮೊಳೆಯ ಸುತ್ತ ಕಡಿದು, ಮರದ ತುಂಡಿನ ಸಮೇತ ಟವೆಲಿನಲ್ಲಿ ಸುತ್ತಿಕೊಂಡಿದ್ದ. ತುಂಡು ಬೆಚ್ಚಗಿತ್ತು. ಮಿಷನ್ನಿನ ಕಾವಿರಬೇಕು ಅಂದುಕೊಂಡ. ಅಂದುಕೊಂಡರೂ ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿದ.

"ಲೇ ಸಂತೋಷಾ! ನೀನ್ ತಕ್ಕಂಡಿರೋದು ಯಾರ್ದ್ಲಾ? ನಿನ್ ತಂಗೀದಾ, ನಂದಾ?"

ಹಿಂದಿನಿಂದ ಬಂದ ಆ ದನಿಯೂ ಚಲುವರಾಜುವಿನದಾಗಿರಲಿಲ್ಲ. ಸಂತೋಷ್ ತಿರುಗಿ ನೋಡಲಿಲ್ಲ. ಟವೆಲನ್ನು ಎದೆಗೊತ್ತಿಕೊಂಡು ಬೇಲಿ ದಾಟಿ ನಡೆದ.