ಬ್ರೆಡ್ಡಕ್ಕನ ಕಿವಿ

ಕಾರ್ಖಾನೆಯ ಶೆಡ್ಡಿನಲ್ಲಿ ಎರಡು ಯಂತ್ರಗಳು ಅಕ್ಕಪಕ್ಕ ನಿಂತಿದ್ದವು. ಒಂದೇ ಬಿಳಿ ಬಣ್ಣ, ಒಂದೇ ಅಳತೆಯ ಸ್ಟೀಲ್ ಪಾತ್ರೆ, ಹಿಟ್ಟು ನಾದುವ ಒಂದೇ ಬಗೆಯ ಕೊಕ್ಕೆ. ಒಂದನ್ನು ಕೊಳ್ಳಲು ಬಂದಿದ್ದ, ಬೇಕರಿ ನಡೆಸುವ ಬ್ರೆಡ್ಡಕ್ಕ ತೋಳು ಮೇಲೇರಿಸಿ ಎರಡಕ್ಕೂ ಹತ್ತು ಹತ್ತು ಕಿಲೋ ಮೈದಾ ಸುರಿದು, ನೀರು ಹೊಯ್ದು, "ಹೂಂ, ಶುರು ಮಾಡಿ" ಅಂದಳು.

ಎರಡರಲ್ಲಿ ಒಂದು ನಿನ್ನೆಯಷ್ಟೇ ತಯಾರಾದದ್ದು. ಇನ್ನೊಂದು ಯಾವುದೋ ಬೇಕರಿಯಲ್ಲಿ ಹದಿನೆಂಟು ವರ್ಷ ದುಡಿದು, ಸುಸ್ತಾಗಿ, ತಾನು ಹುಟ್ಟಿದ ಕಾರ್ಖಾನೆಗೇ ವಾಪಸು ಬಂದು, ಕೊನೆಯ ಬೋಲ್ಟಿನವರೆಗೂ ಬಿಚ್ಚಿಸಿಕೊಂಡು ಮತ್ತೆ ಎದ್ದು ನಿಂತದ್ದು. ಯಾವುದು ಯಾವುದೆಂದು ಬ್ರೆಡ್ಡಕ್ಕನಿಗೆ ಯಾರೂ ಹೇಳಿರಲಿಲ್ಲ. ಹಳೆಯದನ್ನು ಅವಳು ಗುರುತು ಹಿಡಿದುಬಿಟ್ಟರೆ ಹಳೇ ಯಂತ್ರ ಬಿಚ್ಚಿ ಕಟ್ಟುವ ಈ ಉಸಾಬರಿ ಇವತ್ತಿಗೇ ಬಂದ್ ಎಂದು ಯಜಮಾನರು ಮೇಸ್ತ್ರಿಗೆ ಮಾತು ಕೊಟ್ಟಿದ್ದರು.

ಮೇಸ್ತ್ರಿ ಇಪ್ಪತ್ತೇಳು ವರ್ಷದಿಂದ ಈ ಶೆಡ್ಡಿನಲ್ಲಿ ಯಂತ್ರ ಜೋಡಿಸುತ್ತಿದ್ದವನು. ಆರು ತಿಂಗಳ ಹಿಂದೆ ಸಲಹೆಗಾರ್ತಿಯೊಬ್ಬಳು ಬಂದು, "ನೀವು ಮಾರಿದ್ದನ್ನ ನೀವೇ ವಾಪಸ್ ತಗೊಳ್ಳಿ, ಸವೆದಿದ್ದನ್ನ ಬದಲಾಯಿಸಿ, ಪೂರ್ತಿ ಗ್ಯಾರಂಟಿ ಕೊಟ್ಟು ಮತ್ತೆ ಮಾರಿ" ಅಂದಿದ್ದಳು. ಕಾರ್ಖಾನೆ ಕಾರ್ಖಾನೆ ತಿರುಗಿ ಇದನ್ನು ಹೇಳಿಕೊಡುವುದೇ ಅವಳ ಕೆಲಸ. ಎರಡನೇ ದಿನಕ್ಕೇ ಅವಳಿಗೆ 'ಗುಜರಿ ಮೇಡಂ' ಎಂದು ಹೆಸರು ಬಿತ್ತು. ಇಟ್ಟವನು ಮೇಸ್ತ್ರಿಯೇ. "ಗುಜರಿ ಮೇಲೆ ನನ್ನ ಕೈಯಿಂದ ಗ್ಯಾರಂಟಿ ಚೀಟಿ ಅಂಟಿಸಲ್ಲ" ಎಂದು ಯಜಮಾನರ ಮುಖಕ್ಕೇ ಹೇಳಿದ್ದ. ಆದರೆ ಬಿಚ್ಚಿ ಕಟ್ಟುವ ಕೆಲಸ ಬಲ್ಲವನು ಅವನೊಬ್ಬನೇ. ಅದೂ ಅವನ ತಲೆಗೇ ಬಂತು. ಮನಸ್ಸಿಗೆ ಇಷ್ಟವಿರಲಿಲ್ಲ, ನಿಜ. ಕೈ ಮಾತ್ರ ಅವನ ಮಾತು ಕೇಳಲಿಲ್ಲ. ಅರೆಬರೆ ಕೆಲಸ ಮಾಡಿ ಅಭ್ಯಾಸವೇ ಇಲ್ಲದ ಕೈ ಅದು. ಹದಿನೈದು ದಿನ ಊಟಕ್ಕೆ ಕರೆದರೂ ಏಳದೆ ಕೂತು ಯಂತ್ರವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದ.

ಈಗ ಎರಡೂ ತಿರುಗುತ್ತಿದ್ದವು. ಹಿಟ್ಟು ಪುಡಿಪುಡಿಯಾಗಿದ್ದದ್ದು ಉಂಡೆ ಕಟ್ಟಿತು, ಉಂಡೆ ನುಣ್ಣಗಾಯಿತು. ಬ್ರೆಡ್ಡಕ್ಕ ಅತ್ತ ನೋಡಲೇ ಇಲ್ಲ. ಕಣ್ಣು ಮುಚ್ಚಿ ಇದಕ್ಕೊಮ್ಮೆ, ಅದಕ್ಕೊಮ್ಮೆ ಕಿವಿ ಹಚ್ಚಿ ನಿಂತಳು. ಸಲಹೆಗಾರ್ತಿ ಉಗುರು ಕಚ್ಚತೊಡಗಿದಳು. ಮೇಸ್ತ್ರಿಗೆ ತನಗೇನು ಬೇಕೆಂದು ತನಗೇ ಬಗೆಹರಿಯಲಿಲ್ಲ. ಬ್ರೆಡ್ಡಕ್ಕ ಕಂಡುಹಿಡಿದರೆ ತನ್ನ ಮಾತು ಗೆದ್ದೀತು, ಹದಿನೈದು ದಿನದ ಕೆಲಸ ಸೋತೀತು.

"ಸಾಕು, ನಿಲ್ಲಿಸಿ." ಬ್ರೆಡ್ಡಕ್ಕ ಎರಡರಿಂದಲೂ ಹಿಟ್ಟು ಚಿವುಟಿ ಎಳೆದು ನೋಡಿದಳು. "ಹಿಟ್ಟೇನೋ ಎರಡರಲ್ಲೂ ಚೆನ್ನಾಗಿ ಬಂದಿದೆ. ಆದ್ರೆ ಹಳೇದು ಯಾವ್ದು ಅಂತ ಗೊತ್ತಾಗೋಯ್ತು."

ಸಲಹೆಗಾರ್ತಿಯ ಮುಖ ಬಾಡಿತು.

"ಯಾವ್ದಮ್ಮ?" ಯಜಮಾನರು ಕೇಳಿದರು.

"ಇದು." ಬ್ರೆಡ್ಡಕ್ಕ ಎಡಗಡೆಯದರ ನೆತ್ತಿಗೆ ತಟ್ಟಿದಳು. "ಒಳಗೆಲ್ಲೋ ಸಣ್ಣಗೆ ಗೊರಗೊರ ಅಂತಿದೆ, ವಯಸ್ಸಾದವರ ಮಂಡಿ ಥರ. ನನಗೆ ಆ ಕಡೇದು ಕೊಡಿ."

ಮೂಲೆಯಲ್ಲಿದ್ದ ಬಣ್ಣ ಬಳಿಯುವವನು ಕಿಸಕ್ಕೆಂದ. ಅಷ್ಟೇ ಸಾಕಾಯಿತು, ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಯಜಮಾನರು ಕೆಮ್ಮಿನ ನೆಪ ಮಾಡಿ ಗೋಡೆ ಕಡೆ ತಿರುಗಿದರು.

"ಯಾಕೆ, ತಪ್ಪು ಹೇಳಿದ್ನಾ?"

"ಅಕ್ಕಾ, ನೀವು ತಟ್ಟಿದ್ದು ನಿನ್ನೆ ಹುಟ್ಟಿದ್ದನ್ನ," ಅಂದಳು ಸಲಹೆಗಾರ್ತಿ. ನಗುತ್ತಿದ್ದವಳ ಕಣ್ಣು ತುಂಬಿತ್ತು. "ಕೊಡಿ ಅಂದ್ರಲ್ಲ, ಅದಕ್ಕೆ ಹದಿನೆಂಟು ವರ್ಷ."

ಬ್ರೆಡ್ಡಕ್ಕ ಬಲಗಡೆಯದನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆಗ್ಲಿ ಬಿಡಿ. ನನಗೆ ಅದೇ ಬೇಕು. ಈಗ ಮಾತು ಬದಲಾಯಿಸಬೇಡಿ ಮತ್ತೆ. ಇದನ್ನ ಕಟ್ಟಿದವರ ಕೈ ಒಳ್ಳೇದು."

"ಎರಡೂ ನನ್ನ ಕೈಯೇ ಅಕ್ಕ," ಅಂದ ಮೇಸ್ತ್ರಿ. ಕಿವಿಯವರೆಗೂ ಕೆಂಪಾಗಿದ್ದ.

"ಹಾಗಾದ್ರೆ ಹೊಸದಕ್ಕೇನು ಬಂತು ರೋಗ?" ಯಜಮಾನರು ಈಗ ನಗುತ್ತಿರಲಿಲ್ಲ.

ಮೇಸ್ತ್ರಿ ತಲೆ ಕೆರೆದುಕೊಂಡ. "ಹಳೇದನ್ನ ಬಿಚ್ಚಿದಾಗ, ಕೊಕ್ಕೆ ಮೇಲಿರೋ ಬೇರಿಂಗು ಒಂದೇ ಪಕ್ಕಕ್ಕೆ ಸವೆದಿತ್ತು ಯಜಮಾನ್ರೇ. ಅದು ಕೂರೋ ಜಾಗವೇ ಕೂದಲೆಳೆಯಷ್ಟು ವಾರೆ. ಆ ಒಂದು ಯಂತ್ರದ ಹಣೆಬರಹ ಅಂದ್ಕೊಂಡು ಸರಿ ಮಾಡಿ ಕೂರಿಸ್ದೆ. ಈಗ ಅಕ್ಕ ಹೇಳಿದ ಮೇಲೆ ಗೊತ್ತಾಗ್ತಿದೆ, ನಾವು ಮಾಡೋದೆಲ್ಲಾನೂ ಹಂಗೇ. ಇಪ್ಪತ್ತೇಳು ವರ್ಷ ಕಟ್ಟಿ ಕಟ್ಟಿ ಕಳಿಸ್ದೆ. ಹೋದದ್ದು ಎಲ್ಲಿ ಸವೆಯುತ್ತೆ ಅಂತ ಒಂದು ಸಲಾನೂ ನೋಡಿರ್ಲಿಲ್ಲ."

ಹೇಳುತ್ತ ಹೇಳುತ್ತ ಅವನಿಗೇ ನಗು ಉಕ್ಕಿ ಬಂತು. ಬೈಸಿಕೊಳ್ಳಬೇಕಾದ ಹೊತ್ತಿನಲ್ಲಿ ಮೈಯೆಲ್ಲ ಹಗುರವಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಬಿಟ್ಟರೆ ಈ ಶೆಡ್ಡಿನಲ್ಲಿ ಹೊಸದೇನಾದರೂ ಕಲಿತ ನೆನಪು ಅವನಿಗಿರಲಿಲ್ಲ.

"ಈ ಇಪ್ಪತ್ತು ಕಿಲೋ ಹಿಟ್ಟು ಸುಮ್ನೆ ಹಾಳಾಗ್ಬಾರದು, ನನ್ನ ಗಾಡಿಗೆ ಹಾಕಿ," ಅಂದಳು ಬ್ರೆಡ್ಡಕ್ಕ. "ಸಂಜೆ ಎಲ್ಲರಿಗೂ ಬನ್ನು ಕಳಿಸ್ತೀನಿ."

ಜನ ಹಿಟ್ಟಿನ ಪಾತ್ರೆಗಳಿಗೆ ಮುತ್ತಿಕೊಂಡರು. ಪಾತ್ರೆ ಖಾಲಿಯಾಗುವುದನ್ನೇ ಕಾಯುತ್ತಿದ್ದ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಎಡಗಡೆಯ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ.

"ಮೇಸ್ತ್ರೀ, ಅದು ನಾಳೆ ಗಿರಾಕಿಗೆ ಹೋಗೋದು ಕಣಯ್ಯ," ಯಜಮಾನರು ಗಾಬರಿಯಾದರು. "ಹೊಸದು ಅದು."

"ಗೊತ್ತು ಯಜಮಾನ್ರೇ." ಮೇಸ್ತ್ರಿ ಮೊದಲ ಬೋಲ್ಟು ಸಡಿಲಿಸಿ ಸಲಹೆಗಾರ್ತಿಯ ಅಂಗೈಗೆ ಹಾಕಿದ. "ಹಿಡ್ಕೊಳ್ಳಿ ಮೇಡಂ. ಬೆಳಗಾಗೋದ್ರೊಳಗೆ ಇದನ್ನ ಹಳೇದರಷ್ಟು ಚೆನ್ನಾಗಿ ಮಾಡ್ಬೇಕು."